ಹಳೆಯ ಯಂತ್ರಗಳ ಬಹುಪಿನ್ ಕೇಬಲ್: ಖರೀದಿ, ದಾಸ್ತಾನು ಮತ್ತು ಲೆಕ್ಕಪತ್ರ

ಸಣ್ಣ ಕೈಗಾರಿಕಾ ಘಟಕಗಳ ಲೆಕ್ಕಪರಿಶೋಧನೆಗೆ ಹೋದಾಗ ‘ಇತರ ಖರ್ಚು’ ಎಂಬ ಶೀರ್ಷಿಕೆಯಡಿ ‘ಕೇಬಲ್ - ರೂ. 450’ ಎಂಬಂತಹ ನಮೂದುಗಳು ಕಣ್ಣಿಗೆ ಬೀಳುತ್ತವೆ. ಮೊತ್ತ ಅಲ್ಪವಾದುದರಿಂದ ಮಾಲೀಕರಾಗಲಿ ಲೆಕ್ಕಪರಿಶೋಧಕರಾಗಲಿ ಅದರತ್ತ ಹೆಚ್ಚು ಗಮನ ಹರಿಸುವುದಿಲ್ಲ. ಆದರೆ ಆ ಒಂದು ಕೇಬಲ್ ಇಲ್ಲದೆ ಇಡೀ ಯಂತ್ರವೇ ನಿಂತುಹೋಗುವ ಸಂದರ್ಭಗಳುಂಟು. ಈ ವಿಷಯದಲ್ಲಿ ನಮ್ಮ ಸದಸ್ಯರು ತಿಳಿದಿರಬೇಕಾದ ಕೆಲವು ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಒಂದು ಅನುಭವ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಪೀಣ್ಯದಲ್ಲಿರುವ ನನ್ನ ಕಕ್ಷಿದಾರರೊಬ್ಬರ ಹಳೆಯ ಸಿ.ಎನ್.ಸಿ. ಲೇಥ್ ಯಂತ್ರದ ಬ್ಯಾಟರಿ ಮುಗಿದು, ಅದರ ಸ್ಮರಣೆಯಲ್ಲಿದ್ದ ಪ್ರೋಗ್ರಾಮ್‌ಗಳೆಲ್ಲ ಅಳಿಸಿಹೋದವು. ಕಂಪ್ಯೂಟರಿನಲ್ಲಿ ಪ್ರತಿ ಇತ್ತು. ಅದನ್ನು ಯಂತ್ರಕ್ಕೆ ಸಾಗಿಸುವ ಕೇಬಲ್ ಮಾತ್ರ ಎಂದೋ ಕಳೆದುಹೋಗಿತ್ತು. ಅವರು ಎಸ್.ಪಿ. ರಸ್ತೆಗೆ ಹೋಗಿ ಒಂದು ತುದಿಯಲ್ಲಿ 9 ಪಿನ್, ಇನ್ನೊಂದು ತುದಿಯಲ್ಲಿ 25 ಪಿನ್ ಇರುವ ಸಿದ್ಧ ಕೇಬಲ್ ತಂದರು. ಅದು ಎರಡೂ ಕಡೆ ಸರಿಯಾಗಿ ಕೂತಿತು. ಆದರೆ ಒಂದು ಅಕ್ಷರವೂ ದಾಟಲಿಲ್ಲ. ಯಂತ್ರದ ವಿದ್ಯುನ್ಮಾನ ಭಾಗವೇ ಕೆಟ್ಟಿದೆಯೆಂದು ಭಾವಿಸಿ, ಅದನ್ನು ಮಾರಿ ಹೊಸದಕ್ಕೆ ಬ್ಯಾಂಕ್ ಸಾಲ ಪಡೆಯುವ ವಿಚಾರವಾಗಿ ನನ್ನಲ್ಲಿಗೆ ಬಂದರು. ಆರನೆಯ ದಿನ ಹಿರಿಯ ತಂತ್ರಜ್ಞರೊಬ್ಬರು ಕೇಬಲಿನ ತುದಿಯನ್ನು ಬಿಚ್ಚಿ ಎರಡು ತಂತಿಗಳನ್ನು ಅದಲುಬದಲು ಮಾಡಿ ಬೆಸುಗೆ ಹಾಕಿದರು. ಯಂತ್ರ ಚಾಲನೆಗೊಂಡಿತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದಂತಾಗುವುದು ಅಲ್ಪದರಲ್ಲಿ ತಪ್ಪಿತು.

ಆಕಾರ ಒಂದೇ, ಜೋಡಣೆ ಬೇರೆ

ಇಂಗ್ಲಿಷಿನ ‘ಡಿ’ ಅಕ್ಷರದ ಆಕಾರದ ಈ ಕನೆಕ್ಟರನ್ನು ಅಮೆರಿಕದ ಕ್ಯಾನನ್ ಸಂಸ್ಥೆ 1952ರಲ್ಲಿ ಪರಿಚಯಿಸಿತು. ಯಂತ್ರ ಮತ್ತು ಕಂಪ್ಯೂಟರ್‌ಗಳ ನಡುವೆ ಸಂಕೇತ ಸಾಗಿಸುವ ಆರ್.ಎಸ್.-232 ಮಾನಕ 1960ರಲ್ಲಿ ಹೊರಬಂದು, ಅದರ ಹೆಚ್ಚು ಪ್ರಚಲಿತವಾದ ‘ಸಿ’ ರೂಪ 1969ರಲ್ಲಿ ಬಂದಿತು. ಮೊದಲಿಗೆ 25 ಪಿನ್‌ಗಳ ಕನೆಕ್ಟರ್ ಬಳಕೆಯಲ್ಲಿತ್ತು. 1984ರಲ್ಲಿ ಐ.ಬಿ.ಎಂ. ಸಂಸ್ಥೆಯ ಪಿ.ಸಿ. ಎ.ಟಿ. ಕಂಪ್ಯೂಟರ್ 9 ಪಿನ್‌ಗಳ ಕನೆಕ್ಟರಿನೊಂದಿಗೆ ಬಂದ ನಂತರ ಅದೇ ರೂಢಿಯಾಯಿತು. ಆದ್ದರಿಂದಲೇ ಹಳೆಯ ಯಂತ್ರದಲ್ಲಿ 25, ಕಂಪ್ಯೂಟರಿನಲ್ಲಿ 9 ಪಿನ್ ಇರುವ ಪರಿಸ್ಥಿತಿ ಉಂಟಾಗಿದೆ.

ಕಂಪ್ಯೂಟರಿನ 9 ಪಿನ್ ಕನೆಕ್ಟರಿನಲ್ಲಿ 2ನೆಯದು ಸಂಕೇತವನ್ನು ಸ್ವೀಕರಿಸುವ ಪಿನ್, 3ನೆಯದು ಕಳುಹಿಸುವ ಪಿನ್, 5ನೆಯದು ಸಂಕೇತದ ಗ್ರೌಂಡ್. 25 ಪಿನ್ ಕನೆಕ್ಟರಿನಲ್ಲಿ ಇದು ತಿರುವುಮುರುವಾಗಿದೆ: 2ನೆಯದು ಕಳುಹಿಸುವ ಪಿನ್, 3ನೆಯದು ಸ್ವೀಕರಿಸುವ ಪಿನ್, 7ನೆಯದು ಗ್ರೌಂಡ್. ಮಾರುಕಟ್ಟೆಯ ಸಿದ್ಧ ಕೇಬಲ್ ಸಾಮಾನ್ಯವಾಗಿ ಮೋಡೆಮ್‌ಗಾಗಿ ತಯಾರಾದುದು; ಅದರಲ್ಲಿ 2ನ್ನು 3ಕ್ಕೆ, 3ನ್ನು 2ಕ್ಕೆ ಜೋಡಿಸಿರುತ್ತಾರೆ. ಅನೇಕ ಸಿ.ಎನ್.ಸಿ. ನಿಯಂತ್ರಕಗಳು ಮೋಡೆಮ್‌ನಂತೆ ವರ್ತಿಸದೆ ಕಂಪ್ಯೂಟರಿನಂತೆಯೇ ವರ್ತಿಸುವುದರಿಂದ, ಈ ಕೇಬಲ್ ಬಳಸಿದರೆ ಕಳುಹಿಸುವ ಪಿನ್ ಕಳುಹಿಸುವ ಪಿನ್ನಿಗೇ ಸೇರುತ್ತದೆ. ಎರಡೂ ಕಡೆ ಮಾತನಾಡುವವರೇ, ಕೇಳುವವರಿಲ್ಲ! ಅಲ್ಲಿ 2ಕ್ಕೆ 2, 3ಕ್ಕೆ 3, 5ಕ್ಕೆ 7 ಎಂಬ ಜೋಡಣೆ ಬೇಕು. ಇದರ ಜೊತೆಗೆ 25 ಪಿನ್ ತುದಿಯಲ್ಲಿಯೇ 4 ಮತ್ತು 5ನ್ನು ಒಟ್ಟಿಗೆ, 6, 8 ಮತ್ತು 20ನ್ನು ಒಟ್ಟಿಗೆ ಸೇರಿಸಬೇಕಾದ ಯಂತ್ರಗಳೂ ಇವೆ. ಯಾವುದು ಅಗತ್ಯವೆಂಬುದನ್ನು ಯಂತ್ರದ ಕೈಪಿಡಿ ನೋಡಿಯೇ ನಿರ್ಧರಿಸತಕ್ಕದ್ದು.

ಆಕಾರವನ್ನು ನಂಬಿ ಜೋಡಿಸುವುದು ಅಪಾಯಕಾರಿಯೂ ಹೌದು. ಹಳೆಯ ಕಂಪ್ಯೂಟರ್‌ಗಳಲ್ಲಿ ಮುದ್ರಣಯಂತ್ರದ ಕನೆಕ್ಟರ್ ಕೂಡ 25 ಪಿನ್ನಿನದೇ. ಆದರೆ ಅದರ ವೋಲ್ಟೇಜ್ ಮಟ್ಟ ಬೇರೆ. ಕೆಲವು ಹಳೆಯ ಸಿ.ಎನ್.ಸಿ. ನಿಯಂತ್ರಕಗಳಲ್ಲಿ 25ನೆಯ ಪಿನ್ನಿನಲ್ಲಿ 24 ವೋಲ್ಟ್ ಇರುತ್ತದೆ. ಎಲ್ಲ ಪಿನ್‌ಗಳನ್ನೂ ನೇರವಾಗಿ ಜೋಡಿಸಿದ ಕೇಬಲ್ ಬಳಸಿದರೆ ಕಂಪ್ಯೂಟರಿಗೆ ಹಾನಿಯಾಗಬಹುದು.

ಖರೀದಿ ಆದೇಶದಲ್ಲಿ ಏನಿರಬೇಕು?

‘9-25 ಕೇಬಲ್, 1 ನಗ’ ಎಂದಷ್ಟೇ ಬರೆದರೆ ಸಾಲದು. ಈ ಕೆಳಗಿನ ವಿವರಗಳು ಅವಶ್ಯಕ:

1. ಯಂತ್ರದ ಹಾಗೂ ನಿಯಂತ್ರಕದ ಮಾದರಿ ಸಂಖ್ಯೆ.
2. ಎರಡೂ ತುದಿಗಳ ಪಿನ್ ಸಂಖ್ಯೆ ಮತ್ತು ಮೇಲ್ ಅಥವಾ ಫೀಮೇಲ್ ಎಂಬ ಉಲ್ಲೇಖ.
3. ಯಾವ ಪಿನ್ನಿಗೆ ಯಾವ ಪಿನ್ ಎಂಬ ಜೋಡಣಾ ಪಟ್ಟಿ.
4. ಉದ್ದ. ಆರ್.ಎಸ್.-232-ಸಿ ಮಾನಕ ಶಿಫಾರಸು ಮಾಡಿದ ಮಿತಿ ಸುಮಾರು 15 ಮೀಟರ್. ಹೆಚ್ಚಿನ ದೂರಕ್ಕೆ ಆರ್.ಎಸ್.-485ರಂತಹ ಬೇರೆ ವ್ಯವಸ್ಥೆ ಸೂಕ್ತ.
5. ತಂತಿಗಳ ಮೇಲೆ ಲೋಹದ ಹೆಣಿಗೆಯ ಕವಚ. ಮೋಟಾರ್ ಮತ್ತು ವೆಲ್ಡಿಂಗ್ ಯಂತ್ರಗಳಿರುವ ಕಡೆ ಇದು ಅತ್ಯಗತ್ಯ.

ಸರಕು ಬಂದಾಗ ಮಲ್ಟಿಮೀಟರಿನಿಂದ ಪ್ರತಿ ಪಿನ್ನನ್ನೂ ಪಟ್ಟಿಯೊಂದಿಗೆ ತಾಳೆ ನೋಡಿಯೇ ಬಿಲ್ಲಿಗೆ ಸಹಿ ಹಾಕಬೇಕು. ಜೋಡಿಸುವಾಗ ಯಂತ್ರ ಮತ್ತು ಕಂಪ್ಯೂಟರ್ ಎರಡನ್ನೂ ಆರಿಸಿರಬೇಕು.

ನಷ್ಟದ ಲೆಕ್ಕ

ಯಂತ್ರವೊಂದು ಗಂಟೆಗೆ ರೂ. 600 ಕೊಡುಗೆ (ಮಾರಾಟ ಬೆಲೆಯಲ್ಲಿ ಬದಲಾಗುವ ವೆಚ್ಚ ಕಳೆದು ಉಳಿಯುವ ಮೊತ್ತ) ನೀಡುತ್ತದೆಂದು ಭಾವಿಸೋಣ. ಎರಡು ಪಾಳಿಯಲ್ಲಿ ದಿನಕ್ಕೆ 16 ಗಂಟೆಯಂತೆ 6 ದಿನ ನಿಂತರೆ ನಷ್ಟ ರೂ. 57,600. ರೂ. 450ರ ಎರಡು ಕೇಬಲ್‌ಗಳನ್ನು ಮೊದಲೇ ಕಾದಿರಿಸಿದ್ದರೆ ವೆಚ್ಚ ರೂ. 900 ಮಾತ್ರ. ದಾಸ್ತಾನು ಕಡಿಮೆ ಇರಬೇಕೆಂಬ ತತ್ತ್ವ ಸರಿಯಾದುದೇ. ಆದರೆ ಯಾವ ಬಿಡಿಭಾಗದ ಅಭಾವ ಯಂತ್ರವನ್ನೇ ನಿಲ್ಲಿಸುವುದೋ ಅದನ್ನು ಬೆಲೆಯಿಂದಲ್ಲ, ನಿಲುಗಡೆಯ ನಷ್ಟದಿಂದ ಅಳೆಯಬೇಕು.

ಲೆಕ್ಕಪತ್ರ ಮತ್ತು ತೆರಿಗೆ

ಹೊಸ ಯಂತ್ರದ ಜೊತೆಗೆ, ಅದನ್ನು ಚಾಲನೆಗೆ ತರಲು ಕೊಂಡ ಕೇಬಲಿನ ಬೆಲೆ ಯಂತ್ರದ ಮೂಲ ವೆಚ್ಚಕ್ಕೆ ಸೇರುತ್ತದೆ. ಬಿಡಿಭಾಗಗಳ ವಿಷಯದಲ್ಲಿ 2016ರಲ್ಲಿ ಪರಿಷ್ಕೃತವಾದ ಲೆಕ್ಕಪತ್ರ ಮಾನಕ 10ರ ಪ್ರಕಾರ, ಸ್ಥಿರಾಸ್ತಿಯ ವ್ಯಾಖ್ಯೆಗೆ ಒಳಪಡುವ ಬಿಡಿಭಾಗ ಸ್ಥಿರಾಸ್ತಿ. ಉಳಿದುದು ಮಾನಕ 2ರಂತೆ ದಾಸ್ತಾನು. ಮೊತ್ತ ಗಣನೀಯವಲ್ಲದಿದ್ದಲ್ಲಿ ನೇರವಾಗಿ ಖರ್ಚಿಗೆ ಹಾಕಲು ಅವಕಾಶವಿದೆ. ಖರ್ಚಿಗೆ ಹಾಕಿದರೂ ಉಗ್ರಾಣದ ವಹಿಯಲ್ಲಿ ವಸ್ತುವಿನ ನಮೂದು ಇರಲಿ. ಲೆಕ್ಕದಿಂದ ಹೋದದ್ದು ಕಪಾಟಿನಿಂದಲೂ ಹೋಗುವುದು ನಮ್ಮಲ್ಲಿ ಸಾಮಾನ್ಯ.

ಜಿ.ಎಸ್.ಟಿ.ಯಲ್ಲಿ ಕನೆಕ್ಟರ್ ಅಳವಡಿಸಿದ, 1000 ವೋಲ್ಟ್ ಮೀರದ ಕೇಬಲ್ 8544 42 ಎಂಬ ಉಪಶೀರ್ಷಿಕೆಯಲ್ಲಿ ಬರುತ್ತದೆ. ಬಿಡಿಯಾದ ಪ್ಲಗ್, ಸಾಕೆಟ್ 8536 69ರಲ್ಲಿ. ಹೂಡುವಳಿ ತೆರಿಗೆ ಜಮೆ ಪಡೆಯಲು ತೆರಿಗೆ ಬಿಲ್ಲು ಕಡ್ಡಾಯ. ಸಣ್ಣ ಮೊತ್ತವೆಂದು ಬಿಲ್ಲಿಲ್ಲದೆ ಕೊಂಡರೆ ಜಮೆಯ ಜೊತೆಗೆ ತಪ್ಪು ಸರಕನ್ನು ಹಿಂದಿರುಗಿಸುವ ಆಧಾರವೂ ಕೈತಪ್ಪುತ್ತದೆ. ತೆರಿಗೆಯ ಮೊತ್ತವನ್ನು ಆಸ್ತಿಯ ಬೆಲೆಗೆ ಸೇರಿಸಿ ಸವಕಳಿ ಪಡೆದರೆ, ಅದೇ ತೆರಿಗೆಗೆ ಜಮೆ ದೊರೆಯದು. ರಾಜಿ ತೆರಿಗೆ ಯೋಜನೆಯಲ್ಲಿರುವವರಿಗೆ ಜಮೆಯ ಸೌಲಭ್ಯವಿಲ್ಲ.

ಉಪಸಂಹಾರ

ಹಳೆಯ ಯಂತ್ರ ಕೊಳ್ಳುವವರು ಕೈಪಿಡಿ ಹಾಗೂ ಕೇಬಲನ್ನು ಕೇಳಿ ಪಡೆಯಬೇಕು. ಮಾರುವವರು ಅವನ್ನು ಯಂತ್ರದೊಂದಿಗೇ ಕೊಡಬೇಕು. ಸದಸ್ಯರು ತಮ್ಮ ಪ್ರತಿಯೊಂದು ಯಂತ್ರಕ್ಕೂ ಜೋಡಣಾ ಪಟ್ಟಿ ಬರೆಸಿ, ಒಂದು ಪ್ರತಿಯನ್ನು ಯಂತ್ರದ ಬಾಗಿಲ ಒಳಬದಿಗೆ ಅಂಟಿಸಿ, ಇನ್ನೊಂದನ್ನು ಕಡತದಲ್ಲಿ ಇರಿಸಿಕೊಳ್ಳಲಿ. ಬರುವ ವರ್ಷಾಂತ್ಯದ ದಾಸ್ತಾನು ಪರಿಶೀಲನೆಯೊಳಗೆ ಈ ಕೆಲಸ ಮುಗಿಸಿದರೆ ಒಳಿತು.