ಗಿಡದ ಮುಂದೆ ಮೊಬೈಲು: ಜೇಜುರಿಯ ಅರಿಶಿನವನ್ನು ಇಟ್ಟುಕೊಂಡು ಒಂದು ಅಭ್ಯಾಸ

ಬಿ.ಕಾಂ. ಓದುವವನಿಗೆ ತೋಟದ ಉಸಾಬರಿ ಏಕೆ ಎಂದು ಮಿತ್ರರು ಕೇಳಬಹುದು. ಜನರಿಗೆ ಕಲಿಸಲೆಂದೇ ಬೆಳೆಸಿದ ತೋಟಗಳಲ್ಲಿ ಈಗ ಮೊಬೈಲು ಮೇಷ್ಟರ ಕೆಲಸ ಮಾಡತೊಡಗಿದೆ. ಆ ಮೇಷ್ಟರು ಯಾವ ಭಾಷೆಯಲ್ಲಿ ಪಾಠ ಹೇಳಬೇಕು ಎಂಬ ಪ್ರಶ್ನೆ ತೋಟಗಾರರದು ಮಾತ್ರವಲ್ಲ, ನಮ್ಮಂಥ ಕನ್ನಡ ಸಂಘದ್ದೂ ಹೌದು.

1. ಪ್ರದರ್ಶನ ತೋಟ ಎಂದರೇನು?

ಗಾಳಿ ಸೇವನೆಗೆ ಇರುವುದು ಪಾರ್ಕು. ಯಾವ ಗಿಡ ಹೇಗೆ ಬೆಳೆಯುತ್ತದೆ, ಅದಕ್ಕೆ ಎಷ್ಟು ನೀರು ಬೇಕು, ಅದರಿಂದ ಏನು ಉಪಯೋಗ ಎಂದು ಕಣ್ಣಾರೆ ತೋರಿಸಲು ಬೆಳೆಸಿದ್ದು ಪ್ರದರ್ಶನ ತೋಟ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ರೈತರು ಸುತ್ತಿ ನೋಡುವ ತಾಕುಗಳು ಈ ಬಗೆಯವು. ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ ಕೂಡ ನೋಡಿ ಕಲಿಯುವ ತೋಟವೇ. ಅಲ್ಲಿ ಮರಕ್ಕೆ ಹೆಸರಿನ ಫಲಕ ಇರುತ್ತದೆ. ಆದರೆ ಅಂಗೈಯಗಲದ ತಗಡಿನಲ್ಲಿ ಎಷ್ಟು ತಾನೇ ಬರೆಯಲಾದೀತು? ಲ್ಯಾಟಿನ್ ಹೆಸರು, ಕುಟುಂಬ, ಮೂಲ ದೇಶ. ಅಷ್ಟಕ್ಕೇ ಜಾಗ ಮುಗಿಯಿತು. ಉಳಿದದ್ದನ್ನು ಹೇಳಲು ಈಗ ತಗಡಿನ ಮೇಲೆ ಒಂದು ಕಪ್ಪು ಬಿಳುಪಿನ ಚೌಕ ಅಂಟಿಸಬಹುದು.

2. ಚೌಕದ ಒಳಗೇನಿದೆ?

2016ರಲ್ಲಿ ಯುಪಿಐ ಬಂದಮೇಲೆ ತರಕಾರಿ ಗಾಡಿಯಲ್ಲೂ ಈ ಕ್ಯೂಆರ್ ಕೋಡ್ ಕಾಣುತ್ತೇವೆ. ಇದು ಹುಟ್ಟಿದ್ದು ಹಣಕ್ಕಾಗಿ ಅಲ್ಲ. ಮೋಟಾರು ಬಿಡಿಭಾಗಗಳ ಲೆಕ್ಕ ಇಡಲು ಜಪಾನಿನ ಡೆನ್ಸೋ ವೇವ್ ಸಂಸ್ಥೆ 1994ರಲ್ಲಿ ಇದನ್ನು ಹೊರತಂದಿತು. ಮೂರು ಮೂಲೆಗಳಲ್ಲಿರುವ ದೊಡ್ಡ ಚೌಕಗಳು ಫೋನಿಗೆ ದಿಕ್ಕು ತಿಳಿಸುತ್ತವೆ. ಮಿಕ್ಕ ಚುಕ್ಕೆಗಳಲ್ಲಿ ವಿಷಯ ಅಡಗಿರುತ್ತದೆ. ಇದರಲ್ಲಿ ತಪ್ಪು ತಿದ್ದಿಕೊಳ್ಳುವ ವ್ಯವಸ್ಥೆಯೂ ಉಂಟು. ಅತಿ ಹೆಚ್ಚಿನ ಮಟ್ಟದಲ್ಲಿ ಮಾಡಿದ ಕೋಡು ಶೇಕಡಾ 30ರಷ್ಟು ಕೆಟ್ಟರೂ ಓದಲು ಬರುತ್ತದೆ. ಮೂಲೆಯ ಚೌಕವೇ ಮುಚ್ಚಿಹೋದರೆ ಮಾತ್ರ ಕಷ್ಟ.

ಸಾಮಾನ್ಯವಾಗಿ ಕೋಡಿನಲ್ಲಿ ಒಂದು ವಿಳಾಸವಷ್ಟೇ ಇರುತ್ತದೆ. ವಿಷಯ ಬರುವುದು ಇಂಟರ್ನೆಟ್ಟಿನಿಂದ. ನೆಟ್‌ವರ್ಕ್ ಸಿಗದ ಕಡೆ ಬರಹವನ್ನೇ ಕೋಡಿನಲ್ಲಿ ತುಂಬಬಹುದಲ್ಲ? ತುಂಬಬಹುದು, ಆದರೆ ಇಲ್ಲಿ ಕನ್ನಡಕ್ಕೆ ಖರ್ಚು ಜಾಸ್ತಿ. ಒಂದು ಕೋಡಿನಲ್ಲಿ ಹಿಡಿಯುವುದು ಹೆಚ್ಚೆಂದರೆ 2953 ಬೈಟು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದಲ್ಲಿ ಅಕ್ಷರಕ್ಕೆ ಮೂರು, ಅದಕ್ಕೆ ಹತ್ತಿದ ಗುಣಿತದ ಚಿಹ್ನೆಗೆ ಮತ್ತೆ ಮೂರು. ‘ಟರ್ಮರಿಕ್’ ಎಂದು ಇಂಗ್ಲಿಷಿನಲ್ಲಿ ಬರೆದರೆ 8 ಬೈಟು, ‘ಅರಿಶಿನ’ ಎಂದು ಕನ್ನಡದಲ್ಲಿ ಬರೆದರೆ 18. ಪೂರ್ತಿ ತುಂಬಿದ ಕೋಡು ಎಳ್ಳು ಚೆಲ್ಲಿದ ಹಾಗೆ ಕಂಡು ಫೋನು ಓದಲು ತಿಣುಕುತ್ತದೆ. ಆದ್ದರಿಂದ ಕನ್ನಡದಲ್ಲಿ ಬರೆಯುವವನು ನಾಲ್ಕೈದು ಸಾಲಿನಲ್ಲೇ ಮಾತು ಮುಗಿಸಬೇಕು.

3. ಜೇಜುರಿಯೇ ಏಕೆ?

ಪುಣೆಯಿಂದ ಸುಮಾರು 50 ಕಿಲೋಮೀಟರು ದೂರದ ಜೇಜುರಿ ಖಂಡೋಬನ ಊರು. ಖಂಡೋಬ ಎಂದರೆ ನಮ್ಮ ಮೈಲಾರಲಿಂಗನೇ. ಹಡಗಲಿ ತಾಲೂಕಿನ ಮೈಲಾರ, ರಾಣೆಬೆನ್ನೂರು ತಾಲೂಕಿನ ದೇವರಗುಡ್ಡ, ಗಡಿಯ ಮಂಗಸೂಳಿ ಎಲ್ಲ ಅವನವೇ. ನಮ್ಮ ಮನೆದೇವರೂ ಅವನೇ ಆದ್ದರಿಂದ ಜೇಜುರಿ ನಾನು ಕಂಡ ಊರು. ಮರಾಠಿಯವರು ‘ಯಳಕೋಟ ಯಳಕೋಟ’ ಎಂದು ಕೂಗಿದರೆ ಅದರಲ್ಲಿ ನಮ್ಮ ‘ಏಳುಕೋಟಿ’ಯೇ ಕಿವಿಗೆ ಬೀಳುತ್ತದೆ. ಇಬ್ಬರೂ ತೂರುವುದು ಒಂದೇ ಭಂಡಾರ, ಅಂದರೆ ಅರಿಶಿನದ ಪುಡಿ. ಮೆಟ್ಟಿಲು, ದೀಪಮಾಲೆ, ಜನರ ತಲೆ ಎಲ್ಲಾ ಹಳದಿ.

ಆದರೆ ಇಷ್ಟು ಅರಿಶಿನ ತೂರುವ ನಮ್ಮಲ್ಲಿ ಅರಿಶಿನದ ಗಿಡ ನೋಡಿದವರು ಎಷ್ಟು ಮಂದಿ? ಅದರ ದೊಡ್ಡ ಪೇಟೆ ಇರುವುದು ಸಾಂಗಲಿಯಲ್ಲಿ. ಜೇಜುರಿ ಇರುವ ಪುರಂದರ ತಾಲೂಕು ಹೆಸರಾದದ್ದು ಅಂಜೂರಕ್ಕೆ. 2016ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಇದರಲ್ಲಿ ಗಿರಾಕಿಯ ಹಿತವೂ ಇದೆ. ಪೇಟೆಯ ಹಳದಿ ಪುಡಿಯೆಲ್ಲ ಅರಿಶಿನವಲ್ಲ. ಆಹಾರಕ್ಕೆ ನಿಷಿದ್ಧವಾದ ಮೆಟಾನಿಲ್ ಯೆಲ್ಲೋ ಎಂಬ ಬಣ್ಣ ಬೆರೆಸುವುದು ಹಳೆಯ ಮೋಸ. ಗಡ್ಡೆ ಮುರಿದು ವಾಸನೆ ನೋಡಿದವನು ಅಂಗಡಿಯಲ್ಲಿ ಒಂದು ಪ್ರಶ್ನೆಯನ್ನಾದರೂ ಕೇಳುತ್ತಾನೆ.

ಗುಡ್ಡದ ಬುಡದಲ್ಲಿ ಅರಿಶಿನ, ಅಂಜೂರ, ಸೀತಾಫಲದ ಒಂದು ಸಣ್ಣ ಪ್ರದರ್ಶನ ತೋಟ ಮಾಡಿದ್ದಾರೆ ಎಂದು ಇಟ್ಟುಕೊಳ್ಳೋಣ. ಬರುವವರಲ್ಲಿ ಮರಾಠಿಯವರು, ಕನ್ನಡದವರು, ತೆಲುಗಿನವರು ಎಲ್ಲ ಇರುತ್ತಾರೆ. ಮೂರು ಭಾಷೆಯ ಮೂರು ಫಲಕ ನೆಟ್ಟರೆ ಗಿಡವೇ ಕಾಣದು. ಇದಕ್ಕೆ ದಾರಿ ಆಗಲೇ ಇದೆ. 2011ರಲ್ಲಿ ಇಂಗ್ಲೆಂಡಿನ ಡರ್ಬಿ ನಗರದ ಮ್ಯೂಜಿಯಮ್ಮಿನಲ್ಲಿ ಕ್ಯೂಆರ್‌ಪೀಡಿಯಾ ಎಂಬ ಏರ್ಪಾಡು ಮೊದಲು ಬಳಕೆಗೆ ಬಂತು. ಒಂದೇ ಕೋಡು, ನೋಡುವವನ ಫೋನು ಯಾವ ಭಾಷೆಯಲ್ಲಿದೆಯೋ ಆ ಭಾಷೆಯ ವಿಕಿಪೀಡಿಯ ಲೇಖನ ತೆರೆಯುತ್ತದೆ. ಆ ಭಾಷೆಯಲ್ಲಿ ಲೇಖನ ಇದ್ದರೆ ಮಾತ್ರ! ನಮ್ಮವರು ಬರೆಯದಿದ್ದರೆ ಯಂತ್ರ ಎಲ್ಲಿಂದ ತಂದೀತು?

4. ಹೇಗೆ ಬರೆಯಬೇಕು?

ಮೊದಲು ಒಂದು ಮಾದರಿ: “ಇದು ಜಿಂಜಿಬರೇಸಿ ಕುಟುಂಬಕ್ಕೆ ಸೇರಿದ, ಪ್ರಕಂದವುಳ್ಳ ಬಹುವಾರ್ಷಿಕ ಮೂಲಿಕೆಯಾಗಿದ್ದು ಔಷಧೀಯ ಗುಣಗಳನ್ನು ಹೊಂದಿರುತ್ತದೆ.” ಸುಳ್ಳೇನಿಲ್ಲ. ಆದರೆ ಇದನ್ನು ಓದಲು ಗಿಡದ ಮುಂದೆ ನಿಲ್ಲಬೇಕಾಗಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಓದಿದರೂ ನಡೆಯುತ್ತದೆ.

ಇನ್ನೊಂದು ಮಾದರಿ: “ಎಲೆ ನೋಡಿ, ಬಾಳೆಯ ಮರಿಯಂತಿದೆ. ಬಿದ್ದ ಎಲೆಯೊಂದನ್ನು ತಿಕ್ಕಿ ಮೂಸಿರಿ. ನೀವು ತೂರಿದ ಭಂಡಾರ ಈ ಮಣ್ಣಿನೊಳಗೆ ಗಡ್ಡೆಯಾಗಿ ಕೂತಿದೆ. ಬೀಜದಿಂದಲ್ಲ, ಗಡ್ಡೆಯ ತುಂಡಿನಿಂದಲೇ ಇದರ ವಂಶ ಬೆಳೆಯುವುದು. ಮುಂಗಾರಿನ ಹೊತ್ತಿಗೆ ನೆಟ್ಟು, ಎಂಟೊಂಬತ್ತು ತಿಂಗಳಿಗೆ ಎಲೆ ಒಣಗಿದಾಗ ಅಗೆದು, ಬೇಯಿಸಿ, ಬಿಸಿಲಿಗೆ ಹಾಕಿ, ಆಮೇಲೆ ಪುಡಿ ಮಾಡುತ್ತಾರೆ.”

ಎರಡನೆಯದು ಕಣ್ಣನ್ನು ಫೋನಿನಿಂದ ಗಿಡಕ್ಕೆ ತಿರುಗಿಸುತ್ತದೆ. ನನ್ನ ಲೇಖನದ ಸಾರವೇ ಇದು. ತೋಟದಲ್ಲಿ ಮೊಬೈಲು ಬೆರಳು ತೋರಿಸಬೇಕೇ ಹೊರತು ತಾನೇ ನೋಟದ ವಸ್ತುವಾಗಬಾರದು.

ಇನ್ನೊಂದು ಮಾತು. ನಮ್ಮಜ್ಜಿಗೆ ಓದು ಬಾರದು, ಅವಳಂಥವರು ಜೇಜುರಿಗೆ ಬಹಳ ಮಂದಿ ಬರುತ್ತಾರೆ. ಅವರಿಗೆ ಧ್ವನಿ ಬೇಕು. ಅದು ರೇಡಿಯೋ ವಾರ್ತೆಯ ಕನ್ನಡವೇ ಆಗಬೇಕೆಂದಿಲ್ಲ. ಅರಿಶಿನ ಬೆಳೆದ ಬೆಳಗಾವಿ ಕಡೆಯ ಹೆಣ್ಣುಮಗಳೊಬ್ಬಳು “ಇಲ್ಲಿ ನೋಡ್ರಿ, ಗಡ್ಡಿ ಹಿಂಗ ಕವಲ ಒಡದಿರ್ತದ” ಎಂದರೆ ಅಜ್ಜಿ ಬಗ್ಗಿ ನೋಡುತ್ತಾಳೆ.

5. ತೊಡಕುಗಳು

ಜಾತ್ರೆಯ ದಿನ ನೆಟ್‌ವರ್ಕ್ ಸಿಗುವುದು ದುಸ್ತರ. ಆದ್ದರಿಂದ ಗಿಡದ ಹೆಸರು ಫಲಕದ ಮೇಲೆ ಅಚ್ಚಾಗಿಯೇ ಇರಬೇಕು. ಫೋನಿಲ್ಲದವನು ಬರಿಗೈಯಲ್ಲಿ ಹೋಗಬಾರದು. ವಿಳಾಸ ಸತ್ತರೆ ಕೋಡೂ ಸತ್ತಂತೆ; ವರ್ಷವರ್ಷ ಪರೀಕ್ಷಿಸಲು ಒಬ್ಬರ ಹೊಣೆ ಬೇಕು. ನಮ್ಮ ವಾಣಿಜ್ಯ ಪಾಠದ ಎಚ್ಚರಿಕೆಯೂ ಒಂದಿದೆ. ಅಸಲಿ ಕೋಡಿನ ಮೇಲೆ ಯಾರೋ ಹಣ ಕೇಳುವ ಕೋಡು ಅಂಟಿಸಿಬಿಡಬಹುದು. ‘ಇಲ್ಲಿ ಹಣ ಕೇಳುವುದಿಲ್ಲ’ ಎಂದು ಫಲಕದಲ್ಲೇ ಬರೆಯುವುದು ಮೇಲು. ಭಂಡಾರ ಬಿದ್ದರೆ? ಶೇಕಡಾ 30ರ ಲೆಕ್ಕ ನೆನಪಿದೆಯಲ್ಲ, ಮೂಲೆಗಳನ್ನು ಒರೆಸಿದರಾಯಿತು.

6. ನಮ್ಮ ಕೆಲಸ

ಕನ್ನಡ ಶಾಲೆಯಲ್ಲಿ ಓದಿದ ನನಗೆ ದಾಸವಾಳದ ಭಾಗಗಳು ಕನ್ನಡದಲ್ಲೇ ಗೊತ್ತು: ಪುಷ್ಪಪತ್ರ, ದಳ, ಕೇಸರ, ಶಲಾಕೆ. ಈ ಮಾತುಗಳು ಪಠ್ಯಪುಸ್ತಕದ ಆಚೆ ಎಲ್ಲೂ ಬಳಕೆಯಾಗದಿದ್ದರೆ ಇನ್ನೊಂದು ತಲೆಮಾರಿಗೆ ಉಳಿಯಲಿಕ್ಕಿಲ್ಲ. ತೋಟದ ಫಲಕ ಅವುಗಳಿಗೆ ಒಳ್ಳೆಯ ನೆಲೆ.

ಆದ್ದರಿಂದ ಮುಂದಿನ ಸಭೆಗೆ ಒಂದು ಅಭ್ಯಾಸ ಸೂಚಿಸುತ್ತೇನೆ. ಪ್ರತಿಯೊಬ್ಬರೂ ಕಾಲೇಜಿನ ಆವರಣದ ಒಂದು ಗಿಡ ಆರಿಸಿಕೊಂಡು ಐದು ಸಾಲು ಬರೆದು ತನ್ನಿ. ಮೊದಲ ಸಾಲು ‘ನೋಡಿ’ ಎನ್ನಬೇಕು. ನಿಮ್ಮ ಊರಿನಲ್ಲಿ ಆ ಗಿಡಕ್ಕಿರುವ ಹೆಸರು ಅದರಲ್ಲಿ ಇರಲೇಬೇಕು. ಗೊತ್ತಿಲ್ಲದಿದ್ದರೆ ಮನೆಗೆ ಫೋನು ಮಾಡಿ ಹಿರಿಯರನ್ನು ಕೇಳಿ.