ಕ್ಯಾನ್ಸರಿನಿಂದ ಪಾರಾದ ಸ್ತ್ರೀಯರೂ ಅವರ ಜೀವನಕ್ರಮವೂ

“ಊಟ ಬಲ್ಲವನಿಗೆ ರೋಗವಿಲ್ಲ” ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಅದರಲ್ಲಿ ಅನುಭವದ ಸಾರವಿದೆಯೆಂಬುದು ನಿರ್ವಿವಾದ. ಆದರೆ ಅದೇ ಮಾತನ್ನು ತಿರುಗಿಸಿ, ರೋಗ ಬಂದವರೆಲ್ಲರೂ ಊಟ ಅರಿಯದವರೆಂದು ಹೇಳಹೊರಟರೆ ಅನ್ಯಾಯವಾಗುತ್ತದೆ. ಕ್ಯಾನ್ಸರಿಗೆ ತುತ್ತಾದ ಸ್ತ್ರೀಯರ ಜೀವನಕ್ರಮವನ್ನು ಕುರಿತು ಬರೆಯುವವರು ಮೊದಲು ಈ ಎಚ್ಚರವನ್ನು ಇಟ್ಟುಕೊಳ್ಳಬೇಕು. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಬಹುತೇಕ ಎಲ್ಲ ಸಂದರ್ಭಗಳಲ್ಲಿಯೂ ‘ಹ್ಯೂಮನ್ ಪ್ಯಾಪಿಲೋಮಾ’ ಎಂಬ ವೈರಾಣುವಿನಿಂದ ಹುಟ್ಟುತ್ತದೆ. ಅಂಡಾಶಯದ ಕ್ಯಾನ್ಸರಿನಲ್ಲಿ ಒಂದು ಪಾಲು ವಂಶವಾಹಿಗಳ ಮೂಲಕ ಬರುತ್ತದೆ. ಇವುಗಳಿಗೆ ರೋಗಿಯನ್ನು ದೂಷಿಸಿ ಫಲವೇನು? ಹಿಂದಿನದನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಗಂಡಾಂತರ ಕಳೆದ ಮೇಲೆ ಮುಂದಿನ ದಿನಗಳನ್ನು ಹೇಗೆ ಹಸನು ಮಾಡಿಕೊಳ್ಳಬಹುದು ಎಂಬುದನ್ನು ತಿಳಿಯುವುದೇ ಉದ್ದೇಶ.

೧. ಚಿಕಿತ್ಸೆಯು ಉಳಿಸಿಹೋಗುವ ತೊಂದರೆಗಳು

ಸ್ತ್ರೀಯರ ಜನನಾಂಗಗಳಿಗೆ ಸಂಬಂಧಿಸಿದ ಕ್ಯಾನ್ಸರುಗಳಲ್ಲಿ ಮುಖ್ಯವಾದವು ಐದು: ಗರ್ಭಕೋಶದ ಕೊರಳು, ಗರ್ಭಕೋಶದ ಒಳಪದರ, ಅಂಡಾಶಯ, ಯೋನಿ ಮತ್ತು ಯೋನಿದ್ವಾರದ ಕ್ಯಾನ್ಸರುಗಳು. ನಮ್ಮ ದೇಶದಲ್ಲಿ ಮೊದಲನೆಯದೇ ಹೆಚ್ಚು. 2022ನೆಯ ಇಸವಿಯ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1,27,000 ಸ್ತ್ರೀಯರಿಗೆ ಹೊಸದಾಗಿ ಈ ರೋಗ ಬಂದಿತು. ಸುಮಾರು 80,000 ಮಂದಿ ಇದರಿಂದ ತೀರಿಕೊಂಡರು. ಆದರೂ ರೋಗವನ್ನು ಬೇಗನೆ ಕಂಡುಹಿಡಿದು ಚಿಕಿತ್ಸೆ ಮಾಡಿದರೆ ಅನೇಕರು ಬದುಕಿ ಉಳಿಯುತ್ತಾರೆ.

ಬದುಕಿ ಉಳಿದವರ ಪಾಡನ್ನು ಕೇಳುವವರು ಕಡಿಮೆ. ಶಸ್ತ್ರಕ್ರಿಯೆ, ವಿಕಿರಣ ಚಿಕಿತ್ಸೆ, ಕೀಮೋಥೆರಪಿ ಎಂಬ ಮೂರು ಉಪಾಯಗಳೂ ರೋಗವನ್ನು ಹೊಡೆಯುವಾಗ ದೇಹಕ್ಕೂ ಒಂದಿಷ್ಟು ಪೆಟ್ಟು ಕೊಡುತ್ತವೆ. ಅಂಡಾಶಯಗಳನ್ನು ತೆಗೆದರೆ ಅಥವಾ ಅವುಗಳಿಗೆ ವಿಕಿರಣ ತಗುಲಿದರೆ ಕಾಲಕ್ಕೆ ಮೊದಲೇ ಮುಟ್ಟು ನಿಂತು ಮೂಳೆಗಳು ಸವೆಯತೊಡಗುತ್ತವೆ. ಕಿಬ್ಬೊಟ್ಟೆಗೆ ವಿಕಿರಣ ಕೊಟ್ಟವರಲ್ಲಿ ಕೆಲವರಿಗೆ ಭೇದಿ, ಮೂತ್ರದ ಉರಿ ವರ್ಷಗಟ್ಟಲೆ ಕಾಡುತ್ತವೆ. ಹಾಲ್ರಸದ ಗ್ರಂಥಿಗಳನ್ನು ತೆಗೆದವರಲ್ಲಿ ಕಾಲು ಬಾತುಕೊಳ್ಳುವುದುಂಟು. ನೋಡುವವರು ಇದನ್ನು ಆನೆಕಾಲು ರೋಗವೆಂದು ಭ್ರಮಿಸಬಹುದು. ಕೆಲವು ಔಷಧಿಗಳಿಂದ ಅಂಗಾಲು ಜೋಮು ಹಿಡಿದು ನೆಲದ ಸ್ಪರ್ಶವೇ ತಿಳಿಯದಂತಾಗುತ್ತದೆ. ಇವೆಲ್ಲಕ್ಕಿಂತ ಸಾಮಾನ್ಯವಾದುದು ದಣಿವು. ಅದು ದುಡಿದು ಬಂದ ದಣಿವಲ್ಲ, ರಾತ್ರಿಯೆಲ್ಲ ಮಲಗಿ ಎದ್ದರೂ ಹೋಗದ ದಣಿವು.

ಮನೆಯವರು ಪ್ರೀತಿಯಿಂದಲೇ “ನೀನು ಸುಮ್ಮನೆ ಮಲಗಿರು” ಎನ್ನುತ್ತಾರೆ. ಚಿಕಿತ್ಸೆಯ ದಿನಗಳಲ್ಲಿ ಈ ಮಾತು ಹಿತ. ಆದರೆ ತಿಂಗಳುಗಟ್ಟಲೆ ಮಲಗಿದರೆ ಮಾಂಸಖಂಡ ಸೊರಗಿ ದಣಿವು ಇಮ್ಮಡಿಯಾಗುತ್ತದೆ. ಇನ್ನು ಕೆಲವು ಮನೆಗಳಲ್ಲಿ ಇದಕ್ಕೆ ವಿರುದ್ಧ: ಹೊಲಿಗೆ ಒಣಗುವ ಮೊದಲೇ ತುಂಬಿದ ಕೊಡ ಅವಳ ಸೊಂಟಕ್ಕೆ ಏರುತ್ತದೆ. ಎರಡೂ ತಪ್ಪು. ಇವೆರಡರ ನಡುವಣ ಹದವಾದ ಮಾರ್ಗವನ್ನು ಕಲಿಸುವುದಕ್ಕೆ ಹುಟ್ಟಿದುದೇ ಆರೋಗ್ಯಕರ ಜೀವನಕ್ರಮದ ಶಿಕ್ಷಣ ಕಾರ್ಯಕ್ರಮಗಳು.

೨. ಪ್ರಯೋಗಗಳು ಹೇಳುವುದೇನು?

ಇಂಥ ಕಾರ್ಯಕ್ರಮಗಳ ಅಧ್ಯಯನವು ಅಮೆರಿಕದಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರನ್ನು ಕುರಿತು ವಿಶೇಷವಾಗಿ ನಡೆದಿದೆ. ಅದಕ್ಕೆ ಕಾರಣವುಂಟು. ದೇಹದ ಕೊಬ್ಬು ಬರಿಯ ಉಗ್ರಾಣವಲ್ಲ. ಅದು ಬೇರೆ ಹಾರ್ಮೋನುಗಳನ್ನು ಈಸ್ಟ್ರೋಜೆನ್ ಆಗಿ ಮಾರ್ಪಡಿಸುತ್ತದೆ. ಮುಟ್ಟು ನಿಂತ ಮೇಲೂ ಹೀಗೆ ಹುಟ್ಟುವ ಈಸ್ಟ್ರೋಜೆನ್ ಗರ್ಭಕೋಶದ ಒಳಪದರವನ್ನು ಸದಾ ಕೆರಳಿಸುತ್ತಿರುತ್ತದೆ. ಆದುದರಿಂದ ಸ್ಥೂಲಕಾಯಕ್ಕೂ ಈ ಕ್ಯಾನ್ಸರಿಗೂ ನಿಕಟ ಸಂಬಂಧ. ಅಲ್ಲಿ ಈ ರೋಗವು ಬಹುಮಟ್ಟಿಗೆ ಬೇಗನೆ ಪತ್ತೆಯಾಗಿ ವಾಸಿಯಾಗುತ್ತದೆ. ಆದರೆ ಹೀಗೆ ವಾಸಿಯಾದವರಲ್ಲಿ ಮುಂದೆ ಕ್ಯಾನ್ಸರಿಗಿಂತ ಹೃದ್ರೋಗದಿಂದಲೇ ಸಾಯುವವರು ಹೆಚ್ಚೆಂದು ಕಂಡುಬಂದಿದೆ. ಒಂದು ಗಂಡಾಂತರದಿಂದ ಪಾರಾದವಳು ಇನ್ನೊಂದಕ್ಕೆ ಸಿಕ್ಕಬಾರದಷ್ಟೆ!

2012ರಲ್ಲಿ ಪ್ರಕಟವಾದ ‘ಸಕ್ಸೀಡ್’ ಎಂಬ ಪ್ರಯೋಗದಲ್ಲಿ ತೂಕ ಹೆಚ್ಚಿದ್ದ 75 ಮಂದಿ ಸ್ತ್ರೀಯರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಆರು ತಿಂಗಳ ಕಾಲ ಆಹಾರ, ವ್ಯಾಯಾಮ, ಅಭ್ಯಾಸಗಳ ತಿದ್ದುಪಡಿ ಇವುಗಳನ್ನು ಕುರಿತು ಕೂಟಗಳಲ್ಲಿ ಶಿಕ್ಷಣ ಕೊಟ್ಟರು. ಇನ್ನೊಂದಕ್ಕೆ ಎಂದಿನ ಆರೈಕೆ ಮಾತ್ರ. ವರ್ಷ ತುಂಬುವ ವೇಳೆಗೆ ಎರಡು ಗುಂಪುಗಳ ತೂಕದಲ್ಲಿ ಸರಾಸರಿ ನಾಲ್ಕೂವರೆ ಕಿಲೋಗ್ರಾಂಗಳಷ್ಟು ಅಂತರವಿತ್ತು. ಪಾಠ ಮುಗಿದು ಆರು ತಿಂಗಳಾದರೂ ಫಲ ನಿಂತಿತ್ತೆಂಬುದು ಗಮನಾರ್ಹ. ಅಂಡಾಶಯದ ಕ್ಯಾನ್ಸರಿನಿಂದ ಪಾರಾದ 144 ಮಂದಿಯ ಮೇಲೆ ಕನೆಕ್ಟಿಕಟ್‌ನಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಆರು ತಿಂಗಳ ಚುರುಕು ನಡಿಗೆಯು ದೈಹಿಕ ಸ್ವಾಸ್ಥ್ಯವನ್ನು ಹೆಚ್ಚಿಸಿತು.

ಇವು ತೂಕ, ಶಕ್ತಿ, ನೆಮ್ಮದಿಗಳನ್ನು ಅಳೆದ ಪ್ರಯೋಗಗಳೇ ಹೊರತು ಆಯುಷ್ಯವನ್ನು ಅಳೆದವಲ್ಲ. 2025ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರನ್ನು ಕುರಿತು ಹೊರಬಂದ, 889 ರೋಗಿಗಳ ಪ್ರಯೋಗವೊಂದರಲ್ಲಿ ಮೂರು ವರ್ಷಗಳ ಕ್ರಮಬದ್ಧ ವ್ಯಾಯಾಮದಿಂದ ರೋಗ ಮರುಕಳಿಸುವುದು ಕಡಿಮೆಯಾಗಿ ಬದುಕಿ ಉಳಿದವರ ಸಂಖ್ಯೆಯೂ ಹೆಚ್ಚಿತು. ಆದರೆ ಒಂದು ಅಂಗದ ಮಾತನ್ನು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸುವುದು ಶಾಸ್ತ್ರಸಮ್ಮತವಲ್ಲ. ನಡಿಗೆಯು ಔಷಧಿಯ ಜೊತೆಗಾರನೇ ಹೊರತು ಅದಕ್ಕೆ ಬದಲಿಯಲ್ಲ.

೩. ಕಾರ್ಯಕ್ರಮದ ಅಂಗಗಳು

ಮೊದಲನೆಯದು ವ್ಯಾಯಾಮ. ವಾರಕ್ಕೆ ಒಟ್ಟು 150 ನಿಮಿಷಗಳ ಚುರುಕು ನಡಿಗೆಯೂ, ವಾರದಲ್ಲಿ ಎರಡು ದಿನ ಮಾಂಸಖಂಡಗಳಿಗೆ ಬಲ ಕೊಡುವ ವ್ಯಾಯಾಮವೂ ಗುರಿ. ಮೊದಲ ದಿನವೇ ಗುರಿ ಮುಟ್ಟಬೇಕಿಲ್ಲ. ಮನೆಯಂಗಳದಲ್ಲಿ ಐದು ನಿಮಿಷ ನಡೆದರೂ ಅದು ಆರಂಭವೇ. ಶಸ್ತ್ರವೈದ್ಯರು ಒಪ್ಪುವವರೆಗೆ ಭಾರ ಎತ್ತಕೂಡದು. ಕಾಲುಬಾವು ಇರುವವರು ತಜ್ಞರ ಕಣ್ಣೆದುರಿನಲ್ಲಿಯೇ ಕಲಿಯಬೇಕು. ಅಂಗಾಲು ಜೋಮು ಹಿಡಿದವರು ಬರಿಗಾಲಿನಲ್ಲಿ ಓಡಾಡಬಾರದು. ಮುಳ್ಳು ಚುಚ್ಚಿದರೂ ಅವರಿಗೆ ತಿಳಿಯುವುದಿಲ್ಲ.

ಎರಡನೆಯದು ಆಹಾರ. ಸೊಪ್ಪು, ತರಕಾರಿ, ಕಾಳು, ಹಣ್ಣು ಹೆಚ್ಚಾಗಿ, ಕರಿದದ್ದು, ಸಿಹಿ, ಉಪ್ಪು ಮಿತವಾಗಿ ಎಂಬುದು ಸಾಮಾನ್ಯ ಸೂತ್ರ. ಮೂಳೆ ಸವೆದವರಿಗೆ ನಮ್ಮ ರಾಗಿ ವರದಾನ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಆದರೆ ಸೂತ್ರ ಎಲ್ಲರಿಗೂ ಒಂದೇ ಅಲ್ಲ. ವಿಕಿರಣದಿಂದ ಕರುಳು ನೊಂದು ಭೇದಿಯಾಗುತ್ತಿರುವವಳಿಗೆ ಅದೇ ಸೊಪ್ಪು ಕಾಳುಗಳೇ ತೊಂದರೆ ಕೊಡಬಹುದು. ಸಕ್ಕರೆಯನ್ನು ಪೂರ್ತಿ ಬಿಟ್ಟರೆ ಕ್ಯಾನ್ಸರ್ ಸಾಯುತ್ತದೆಂಬ ಮಾತಿಗೆ ಆಧಾರವಿಲ್ಲ. ಅದನ್ನು ನಂಬಿ ಉಪವಾಸ ಮಾಡಿ ಸೊರಗಿದರೆ ನಷ್ಟವೇ.

ಮೂರನೆಯದು ದುರಭ್ಯಾಸಗಳ ತ್ಯಾಗ. ಬೀಡಿ ಸಿಗರೇಟುಗಳಷ್ಟೇ ಅಲ್ಲ, ಎಲೆಅಡಿಕೆಯೊಡನೆ ಹಾಕಿಕೊಳ್ಳುವ ಹೊಗೆಸೊಪ್ಪೂ ಇದರಲ್ಲಿ ಸೇರುತ್ತದೆ. ನಾಲ್ಕನೆಯದು ಮನಸ್ಸಿನ ನೆಮ್ಮದಿ. ಈ ರೋಗವು ಸಂಕೋಚದ ಅಂಗಗಳಿಗೆ ಸಂಬಂಧಿಸಿದುದರಿಂದ ಸ್ತ್ರೀಯರು ತಾಯಿ ಅಕ್ಕತಂಗಿಯರ ಎದುರಿನಲ್ಲಿಯೂ ಬಾಯಿ ಬಿಡುವುದಿಲ್ಲ. ದಾಂಪತ್ಯದಲ್ಲಿ ಉಂಟಾಗುವ ನೋವಿಗೂ ಚಿಕಿತ್ಸೆಯುಂಟೆಂದು ಅವರಿಗೆ ಹೇಳುವವರು ಬೇಕು. ಜೊತೆಯಲ್ಲಿ ಉಣ್ಣುವುದರಿಂದ, ಒಂದೇ ತಟ್ಟೆ ಲೋಟ ಬಳಸುವುದರಿಂದ ಕ್ಯಾನ್ಸರ್ ಹರಡದೆಂದು ಮನೆಯವರಿಗೂ ತಿಳಿಸಬೇಕು. ಐದನೆಯದು ತಪ್ಪದ ತಪಾಸಣೆ. ಮತ್ತೆ ರಕ್ತಸ್ರಾವ, ಕಿಬ್ಬೊಟ್ಟೆಯ ನೋವು, ಒಂದೇ ಕಾಲಿನ ಊತ, ಕಾರಣವಿಲ್ಲದೆ ತೂಕ ಇಳಿಯುವುದು, ಇವು ಕಂಡರೆ ಮುಂದಿನ ತಾರೀಖಿಗೆ ಕಾಯದೆ ವೈದ್ಯರನ್ನು ಕಾಣಬೇಕು.

೪. ನಮ್ಮ ನಾಡಿಗೆ ಒಪ್ಪುವ ಬಗೆ

ಇಲ್ಲೊಂದು ಮುಖ್ಯ ಪ್ರಶ್ನೆ ಏಳುತ್ತದೆ. ಅಮೆರಿಕದ ಸ್ಥೂಲಕಾಯದ ಸ್ತ್ರೀಗೆಂದು ರಚಿಸಿದ ಪಾಠವನ್ನು ನಮ್ಮ ಕೂಲಿಯ ಹೆಂಗಸಿಗೆ ಹಾಗೆಯೇ ಓದಿ ಹೇಳಬಹುದೆ? ಅಲ್ಲಿ ತೂಕ ಇಳಿಸುವುದು ಗುರಿ. ಗರ್ಭಕೋಶದ ಕೊರಳಿನ ಕ್ಯಾನ್ಸರಿನಿಂದ ಬಳಲಿ ಬಂದ ನಮ್ಮ ಬಡ ಸ್ತ್ರೀಯರಲ್ಲಿ ಅನೇಕರಿಗೆ ತೂಕ ಏರಿಸುವುದೇ ಗುರಿ. ಮನೆಯವರೆಲ್ಲ ಉಂಡ ಮೇಲೆ ಉಳಿದುದನ್ನು ಉಣ್ಣುವವಳಿಗೆ “ಮಿತವಾಗಿ ಉಣ್ಣು” ಎಂದರೆ ಅದು ಪರಿಹಾಸ್ಯವಾದೀತು. ಅವಳಿಗೆ ಬೇಕಾದುದು ಬೇಳೆ, ಕಡಲೆಕಾಯಿ, ಹಾಲು, ಒಪ್ಪುವವರಿಗೆ ಮೊಟ್ಟೆ. ಇದಕ್ಕಿಂತ ಹೆಚ್ಚಾಗಿ, ಎಲ್ಲರೊಡನೆ ಕುಳಿತು ಉಣ್ಣುವ ಪದ್ಧತಿ. ಹಾಗೆಯೇ, ದಿನವೆಲ್ಲ ಬಗ್ಗಿ ಕಳೆ ಕೀಳುವವಳಿಗೆ ದುಡಿಮೆಯ ಕೊರತೆಯಿಲ್ಲ, ಕೊರತೆಯಿರುವುದು ಬಿಡುವಿಗೆ. ಇತ್ತ ಪಟ್ಟಣಗಳಲ್ಲಿ ಕುಳಿತು ಕೆಲಸ ಮಾಡುವ ಸ್ತ್ರೀಯರಿಗೆ ಅಮೆರಿಕದ ಪಾಠವೇ ಬಹುಮಟ್ಟಿಗೆ ಒಪ್ಪುತ್ತದೆ. ಆಳರಿತು ಪಾಠ ಹೇಳುವುದೇ ಜಾಣತನ.

ಇದಕ್ಕೆ ಬೇಕಾದ ಸಾಧನಗಳು ನಮ್ಮಲ್ಲಿ ಇಲ್ಲದಿಲ್ಲ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ದೂರದೂರದ ಜಿಲ್ಲೆಗಳಿಂದ ರೋಗಿಗಳು ಬರುತ್ತಾರೆ. ಆದರೆ ಊರಿಗೆ ಮರಳಿದವಳನ್ನು ವಾರವಾರವೂ ವಿಚಾರಿಸಲು ದೊಡ್ಡ ಆಸ್ಪತ್ರೆಯಿಂದ ಸಾಧ್ಯವೆ? ಆ ಕೆಲಸ ಊರಿನಲ್ಲಿಯೇ ನಡೆಯಬೇಕು. 2005ರಲ್ಲಿ ಆರಂಭವಾದ ಯೋಜನೆಯ ‘ಆಶಾ’ ಕಾರ್ಯಕರ್ತೆಯರು, ಹಳ್ಳಿಹಳ್ಳಿಯ ಸ್ತ್ರೀಶಕ್ತಿ ಸಂಘಗಳು ಇದಕ್ಕೆ ಒದಗಬಲ್ಲವು. ವಾರಕ್ಕೊಮ್ಮೆ ಸೇರುವ ಸಂಘದ ಸ್ತ್ರೀಯರು ಅರ್ಧ ಗಂಟೆ ಜೊತೆಯಾಗಿ ನಡೆದರೆ ಖರ್ಚೇನು? ಒಬ್ಬಳೇ ನಡೆದರೆ “ಇವಳಿಗೇನು ಕೆಲಸವಿಲ್ಲವೆ” ಎನ್ನುವ ಬೀದಿ, ಹತ್ತು ಮಂದಿ ನಡೆದರೆ ದಾರಿ ಬಿಡುತ್ತದೆ.

ವಿದ್ಯಾರ್ಥಿಗಳಾದ ನಾವು ವೈದ್ಯರಲ್ಲ. ಔಷಧಿ ಹೇಳುವುದು ನಮ್ಮ ಕೆಲಸವಲ್ಲ. ಆದರೆ ಆಸ್ಪತ್ರೆಯ ಚೀಟಿಯನ್ನು ಓದಿ ಹೇಳಬಲ್ಲೆವು, ತಪಾಸಣೆಯ ದಿನ ಜೊತೆಗೆ ಹೋಗಬಲ್ಲೆವು, ಮನೆಯಲ್ಲಿ ನೀರಿನ ಕೊಡವನ್ನು ನಾವೇ ಹೊರಬಲ್ಲೆವು. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ರಸ್ತೆ ಗುಡಿಸುವುದರ ಜೊತೆಗೆ ಈ ವಿಷಯವನ್ನೂ ನಾಲ್ಕು ಜನರಿಗೆ ತಿಳಿಯುವಂತೆ ಹೇಳಬಹುದು. ಸ್ತ್ರೀಯನ್ನು ಸಾವಿನಿಂದ ಉಳಿಸುವುದು ವೈದ್ಯರ ವಿದ್ಯೆ. ಹಾಗೆ ಉಳಿದ ಬದುಕು ಬಾಳಲು ಯೋಗ್ಯವಾಗುವಂತೆ ನೋಡಿಕೊಳ್ಳುವುದು ಮನೆಯ, ಊರಿನ, ನಮ್ಮೆಲ್ಲರ ಹೊಣೆ.