ಹಳೆಯ ಪಿಕಪ್ ಗಾಡಿಗೆ ಪವರ್ ಸ್ಟಿಯರಿಂಗ್: ದೋಷಪರೀಕ್ಷೆಯ ಕ್ರಮ

ಮಾಲನ್ನು ಸಂತೆಗೆ ಸಾಗಿಸುವ ಹಳೆಯ ಪಿಕಪ್ ಗಾಡಿಗೆ ಪವರ್ ಸ್ಟಿಯರಿಂಗನ್ನು ಜೋಡಿಸಿದ ಮೇಲೂ ಅದು ತಿರುಗಲು ಬಿಗಿಯಾಗಿರುವುದುಂಟು. ಆಗ ಕೂಡಲೇ ಹೊಸ ಪಂಪನ್ನು ಕೊಳ್ಳುವುದು ಹಣದ ಅಪವ್ಯಯವು. ಪರೀಕ್ಷೆಯನ್ನು ಕ್ರಮವಾಗಿ ನಡೆಯಿಸತಕ್ಕದ್ದು.

ಮೊದಲು ಇಂಜಿನನ್ನು ನಿಲ್ಲಿಸಿ, ಮುಂದಿನ ಚಕ್ರಗಳನ್ನು ಜಾಕಿಯಿಂದೆತ್ತಿ, ಭದ್ರವಾದ ಆಧಾರಗಳ ಮೇಲಿರಿಸಿ, ಸ್ಟಿಯರಿಂಗನ್ನು ತಿರುಗಿಸಬೇಕು. ನಡುವೆ ಎಲ್ಲಿಯಾದರೂ ಹಿಡಿದಂತಾದರೆ, ಮೊದಲು ಶೋಧಿಸತಕ್ಕದ್ದು ಪಂಪನ್ನಲ್ಲ. ಕೀಲುಗಳನ್ನೂ ದಂಡದ ಜೋಡಣೆಯನ್ನೂ.

ತಿರುಗಿಸುವಾಗ ಬೆಲ್ಟು ಕಿರುಗುಟ್ಟಿದರೆ ಅದು ಸಡಿಲವಾಗಿದೆಯೆಂದು ತಿಳಿದು ಬಿಗಿಮಾಡಬೇಕು. ಎಣ್ಣೆಯು ನೊರೆಗಟ್ಟಿ ಪಂಪು ಮೊರೆದರೆ ಒಳಗೆ ಗಾಳಿ ಸೇರಿರುವುದು. ಇಂಜಿನು ನಿಂತಿರುವಾಗಲೇ, ಚಕ್ರಗಳನ್ನೆತ್ತಿ, ಸ್ಟಿಯರಿಂಗನ್ನು ಎರಡು ಕೊನೆಗಳವರೆಗೂ ನಿಧಾನವಾಗಿ ಹಲವು ಸಲ ತಿರುಗಿಸುತ್ತ, ಕಡಮೆಯಾದ ಎಣ್ಣೆಯನ್ನು ತುಂಬುತ್ತ, ಗುಳ್ಳೆಗಳು ನಿಲ್ಲುವವರೆಗೆ ಕಾಯಬೇಕು. ಇಂಜಿನು ನಡೆಯುವಾಗ ಕೊನೆಯಲ್ಲಿ 5 ಸೆಕೆಂಡುಗಳಿಗಿಂತ ಹೆಚ್ಚು ಹಿಡಿಯಬಾರದು. ಎಣ್ಣೆ ಕಾದು ಪಂಪು ಕೆಡುವುದು.

ತಿರುವಿನ ಬಳಿಕ ಸ್ಟಿಯರಿಂಗು ತಾನಾಗಿ ನೇರವಾಗದಿದ್ದರೆ ಕಾಸ್ಟರ್ ಕೋನವನ್ನು ಅಳೆಯಿಸಬೇಕು. ಕೈಬಲದಿಂದ ತಿರುಗಿಸುವ ಗಾಡಿಗಳಲ್ಲಿ, ಹಗುರವಾಗಲೆಂದು, ಆ ಕೋನವನ್ನು ಸಾಮಾನ್ಯವಾಗಿ ಕಡಮೆ ಇಟ್ಟಿರುವರು.

ಒತ್ತಡದ ಕೊಳವೆ ಸೋರುವ ಗಾಡಿಯನ್ನು ರಸ್ತೆಗಿಳಿಸಕೂಡದು. ಕಾದ ಹೊಗೆಕೊಳವೆಯ ಮೇಲೆ ಎಣ್ಣೆ ಬಿದ್ದು ಬೆಂಕಿ ಹೊತ್ತಿದರೆ ಮಾಲಿಗೂ ಚಾಲಕನ ಪ್ರಾಣಕ್ಕೂ ಅಪಾಯವು.